ಬಾಯಿ ಮಾತೋ, ಚೀಟಿಯೋ, ಜೋಡಿಯೋ: ಐಡಿಯಾ ಮೀಟಿಂಗಿಗೆ ಯಾವ ಕ್ರಮ ಆರಿಸಬೇಕು?

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಮ್ಮ ಕಣದ ಮೇಲೆ ಅಕಾಲದ ಮಳೆ ಸುರಿಯಿತು. ನಾಲ್ಕು ಗಂಟೆಗೆ ಮೋಡ ಕವಿಯಿತು, ಕಾಲು ಗಂಟೆಯೊಳಗೆ ನೀರು. ಒಣಗಲು ಹರವಿದ್ದ ಕಾಫಿ ಹಣ್ಣಿನಲ್ಲಿ ಹತ್ತಿರ ಹತ್ತಿರ ಅರ್ಧ ನೆನೆದುಹೋಯಿತು. ಚಿಕ್ಕಮಗಳೂರಿನ ಕಡೆ ಸಣ್ಣ ಬೆಳೆಗಾರರೇ ಸೇರಿಕೊಂಡು ನಡೆಸುವ ಒಂದು ಸಂಸ್ಥೆಯಲ್ಲಿ ನಾನು ಮ್ಯಾನೇಜರ್. ಮರುವಾರವೇ ಮೀಟಿಂಗ್ ಕರೆದೆ. ಹನ್ನೊಂದು ಜನ ಬಂದರು. ಅಧ್ಯಕ್ಷರು ಮೊದಲು ಬಾಯಿಬಿಟ್ಟರು: "ಡ್ರೈಯರ್ ಹಾಕ್ಸೋಣ." ಅಲ್ಲಿಂದ ಮುಂದೆ ಒಂದೂವರೆ ಗಂಟೆ ನಡೆದದ್ದೆಲ್ಲ ಡ್ರೈಯರಿನ ಮಾತೇ. ಸಾಲ, ಸಬ್ಸಿಡಿ, ಸೌದೆ, ಕರೆಂಟು. ದಿನವಿಡೀ ಕಣದಲ್ಲಿ ಕಾಫಿ ಕೆದಕುವ ಇಬ್ಬರು ಹೆಂಗಸರು ಬಾಗಿಲ ಪಕ್ಕ ಕೂತಿದ್ದರು. ಅವರು ಒಂದು ಮಾತೂ ಆಡಲಿಲ್ಲ, ನಾವೂ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಅದೇ ಜನರನ್ನು ಬೇರೆ ಕ್ರಮದಲ್ಲಿ ಕೂರಿಸಿ ಅದೇ ಪ್ರಶ್ನೆ ಕೇಳಿದಾಗ ಆ ಹೆಂಗಸರಲ್ಲೊಬ್ಬರು ಹೇಳಿದ ಮಾತು ಇದು: "ಟಾರ್ಪಾಲು ಗೋಡೌನಲ್ಲಿ ಇರ್ತದೆ. ಬೀಗದ ಕೈ ರೈಟರ್ ಹತ್ರ. ಅವರು ಮೂರೂವರೆಗೆ ತೂಕ ಬರೆಯಕ್ಕೆ ತೋಟಕ್ಕೆ ಹೋಗಿರ್ತಾರೆ. ಅವತ್ತು ನಾವು ಬೀಗ ನೋಡ್ಕಂಡು ನಿಂತಿದ್ವಿ." (ರೈಟರ್ ಎಂದರೆ ತೋಟದ ತೂಕ, ಲೆಕ್ಕ ಬರೆದುಕೊಳ್ಳುವ ಗುಮಾಸ್ತರು.)

ಡ್ರೈಯರ್ ತಪ್ಪು ಯೋಚನೆಯೇನಲ್ಲ. ಆದರೆ ಒಂದು ಬೀಗದ ಕೈ ವಿಷಯ ನಮ್ಮ ಕಿವಿಗೆ ಬೀಳಲು ಎರಡು ತಿಂಗಳು ಹಿಡಿಯಿತಲ್ಲ, ಅದು ನನ್ನನ್ನು ಬಹಳ ಕಾಡಿತು. ಜನ ಬದಲಾಗಿರಲಿಲ್ಲ, ಪ್ರಶ್ನೆ ಬದಲಾಗಿರಲಿಲ್ಲ. ಕೂರಿಸಿ ಕೇಳಿದ ರೀತಿ ಮಾತ್ರ ಬದಲಾಗಿತ್ತು. ಅಂದಿನಿಂದ ಪ್ರತಿ ಮೀಟಿಂಗಿಗೂ ಮುಂಚೆ ಒಂದು ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ: ಈ ಕೋಣೆಯಲ್ಲಿ ಯಾರ ಬಾಯಿ ಕಟ್ಟಿಹೋಗುತ್ತದೆ, ಯಾತಕ್ಕೆ? ಅದಕ್ಕೆ ಸಿಕ್ಕ ಉತ್ತರದ ಮೇಲೆ ಕ್ರಮ ಆರಿಸುತ್ತೇನೆ. ಕೆಳಗಿನ ಹೋಲಿಕೆಯನ್ನೂ ಹಾಗೇ ಮಾಡಿದ್ದೇನೆ.

ಮೊದಲು, ಮೀಟಿಂಗ್ ಬೇಕೇ?

ಎಲ್ಲದಕ್ಕೂ ಹತ್ತು ಜನ ಕೂತು ತಲೆ ಓಡಿಸಬೇಕಾಗಿಲ್ಲ. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಬಿದ್ದಿದೆ, ಏನು ಮಾಡೋಣ ಎಂದು ಐಡಿಯಾ ಮೀಟಿಂಗ್ ಕರೆಯುವುದರಲ್ಲಿ ಅರ್ಥವಿಲ್ಲ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಆ ಕೆಲಸದಲ್ಲೇ ಇದೆ. ಅಲ್ಲಿಗೆ ಹೋಗಿ ಕೇಳಬೇಕು. ಗೊತ್ತಿರುವವರು ಇರುವ ಕಡೆ ಊಹೆಗೆ ಕೂರಬಾರದು.

ನಿರ್ಧಾರ ಆಗಲೇ ಆಗಿದ್ದರೂ ಕರೆಯಬೇಡಿ. ಯಜಮಾನರು ಡ್ರೈಯರಿಗೆ ಮುಂಗಡ ಕೊಟ್ಟು ಬಂದು "ಏನು ಮಾಡೋಣ ಹೇಳಿ" ಎಂದು ಕೇಳಿದರೆ ಜನರಿಗೆ ಅದು ಗೊತ್ತಾಗಿಬಿಡುತ್ತದೆ. ಮುಂದಿನ ಸಲ ನಿಜವಾಗಿ ಕೇಳಿದಾಗಲೂ ಅವರು ತಲೆಯಾಡಿಸಿ ಕಾಫಿ ಕುಡಿದು ಎದ್ದುಹೋಗುತ್ತಾರೆ. ಒಮ್ಮೆ ಕಳೆದುಕೊಂಡ ಆ ನಂಬಿಕೆಯನ್ನು ಮತ್ತೆ ಸಂಪಾದಿಸುವುದು ಬಹಳ ಕಷ್ಟ.

ಕರೆಯುವುದೇ ಆದರೆ ಪ್ರಶ್ನೆ ಚಿಕ್ಕದಾಗಿರಲಿ. "ನಮ್ಮ ಸಂಸ್ಥೆ ಮುಂದೆ ಬರುವುದು ಹೇಗೆ?" ಎಂದು ಕೇಳಿದರೆ ಭಾಷಣ ಬರುತ್ತದೆ. "ಕೊಯ್ಲಿನ ಕಾಲದಲ್ಲಿ ಮಧ್ಯಾಹ್ನ ಮೂರರ ಮೇಲೆ ಮಳೆ ಬಂದರೆ 15 ನಿಮಿಷದಲ್ಲಿ ಕಣ ಮುಚ್ಚುವುದು ಹೇಗೆ?" ಎಂದು ಕೇಳಿದರೆ ಟಾರ್ಪಾಲು, ಬೀಗ, ಎಷ್ಟು ಕೈ ಬೇಕು ಎಂಬ ಲೆಕ್ಕ ಬರುತ್ತದೆ. ಪ್ರಶ್ನೆಯನ್ನು ಎರಡು ದಿನ ಮೊದಲೇ ಎಲ್ಲರಿಗೂ ತಿಳಿಸಿ. ಓದಲು ಬಾರದವರಿಗೆ ಹೋಗಿ ಬಾಯಲ್ಲಿ ಹೇಳಿ.

ಎಲ್ಲರೂ ಕೂತು ಬಾಯಲ್ಲಿ ಹೇಳುವುದು

ಬ್ರೇನ್‌ಸ್ಟಾರ್ಮಿಂಗ್ ಎಂದ ಕೂಡಲೇ ನೆನಪಾಗುವುದು ಇದು. ಅಮೆರಿಕದ ಜಾಹೀರಾತು ಕಂಪನಿಯೊಂದರ ಪಾಲುದಾರ ಅಲೆಕ್ಸ್ ಆಸ್ಬಾರ್ನ್ ತನ್ನ ಕಚೇರಿಯಲ್ಲಿ ಬಳಸಿ, 1953ರ ಪುಸ್ತಕದಲ್ಲಿ ವಿವರವಾಗಿ ಬರೆದ ಕ್ರಮ. ನಿಯಮ ನಾಲ್ಕೇ: ಯಾರ ಐಡಿಯಾವನ್ನೂ ಆಗಲೇ ತೂಗಬೇಡಿ, ಎಷ್ಟು ಹೆಚ್ಚು ಬಂದರೆ ಅಷ್ಟು ಒಳ್ಳೆಯದು, ಹುಚ್ಚು ಯೋಚನೆಯೂ ಬರಲಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಸೇರಿಸಿ ಬೆಳೆಸಿ.

ನಿಯಮಗಳು ಚೆನ್ನಾಗಿವೆ. ತೊಂದರೆ ಇರುವುದು ಒಟ್ಟಿಗೆ ಮಾತಾಡುವುದರಲ್ಲಿ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ನಾಲ್ಕು ಜನರ ಗುಂಪುಗಳನ್ನು, ಬೇರೆ ಬೇರೆ ಕೂತು ಯೋಚಿಸಿದ ನಾಲ್ಕು ನಾಲ್ಕು ಜನರ ಪಟ್ಟಿಗಳ ಜೊತೆ ಹೋಲಿಸಿದರು. ಬೇರೆ ಬೇರೆ ಕೂತವರ ಪಟ್ಟಿಯಲ್ಲೇ ಹೆಚ್ಚು ಐಡಿಯಾ ಇದ್ದವು. 1987ರಲ್ಲಿ ಜರ್ಮನಿಯ ಡೀಲ್ ಮತ್ತು ಸ್ಟ್ರೋಬ ಕಾರಣ ಹುಡುಕಿದರು. ಬೇರೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು, ಉಳಿದವರು ಹೇಳುತ್ತಾರೆ ಬಿಡು ಎಂಬ ಸಡಿಲು, ಇವೆರಡೂ ಅವರ ಮುಂದಿದ್ದವು. ಎಲ್ಲಕ್ಕಿಂತ ದೊಡ್ಡ ಅಡ್ಡಿಯಾಗಿ ಕಂಡದ್ದು ಮಾತ್ರ ಸರದಿ ಕಾಯುವುದು. ಒಂದು ಹೊತ್ತಿಗೆ ಒಬ್ಬರೇ ಮಾತಾಡಲು ಸಾಧ್ಯ. ನನ್ನ ತಲೆಗೆ ಬಂದದ್ದನ್ನು ಹಿಡಿದುಕೊಂಡು ನಾನು ಕಾಯುತ್ತೇನೆ, ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳುತ್ತದೆ, ನನ್ನದು ಮರೆತೇ ಹೋಗುತ್ತದೆ.

ನಮ್ಮ ಕಡೆ ಇದಕ್ಕೆ ಹಿರಿಯರ ಮೇಲಿನ ಗೌರವವೂ ಸೇರಿಕೊಳ್ಳುತ್ತದೆ. ಅಧ್ಯಕ್ಷರು ಒಂದು ಮಾತು ಆಡಿದ ಮೇಲೆ ಅದಕ್ಕೆ ಅಡ್ಡ ಮಾತಾಡುವುದು ಚೆನ್ನಾಗಿರುವುದಿಲ್ಲ ಎಂದು ಬೆಳೆದವರು ನಾವು. ಆ ಗೌರವ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದನ್ನು ಮುರಿಯದೆಯೇ ಕೆಲಸ ನಡೆಯುವ ಕ್ರಮ ಬೇಕು, ಅಷ್ಟೆ.

ಹಾಗಾದರೆ ಬಾಯಿ ಮಾತು ಯಾವಾಗ ಸರಿ? ಮೂರು–ನಾಲ್ಕು ಜನ, ಒಂದೇ ಮಟ್ಟದವರು, ದಿನವೂ ಒಟ್ಟಿಗೆ ಕೆಲಸ ಮಾಡುವವರು ಇದ್ದಾಗ. ನಮ್ಮ ಪ್ಯಾಕಿಂಗ್ ವಿಭಾಗದ ಮೂವರು ಹುಡುಗಿಯರು ಕಾಫಿಪುಡಿ ಪ್ಯಾಕೆಟ್ಟಿನ ಲೇಬಲ್ ಬಗ್ಗೆ ಹೀಗೇ 20 ನಿಮಿಷ ಮಾತಾಡಿ ಮುಗಿಸುತ್ತಾರೆ. ಅವರ ಕೈಗೆ ಚೀಟಿ ಕೊಟ್ಟರೆ ಕೆಲಸ ನಿಧಾನವಾಗುತ್ತದೆ.

ಚೀಟಿ ತಿರುಗಿಸುವುದು

1968ರಲ್ಲಿ ಬರ್ನ್ಡ್ ರೋರ್‌ಬಾಕ್ ಎಂಬ ಜರ್ಮನಿಯವರು ಹೇಳಿಕೊಟ್ಟ ಕ್ರಮ. ಹೆಸರೇ 6-3-5. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ. ಐದು ನಿಮಿಷ ಮುಗಿದ ಕೂಡಲೇ ನಿಮ್ಮ ಹಾಳೆ ಪಕ್ಕದವರಿಗೆ. ಅವರು ನಿಮ್ಮ ಮೂರನ್ನು ಓದಿ ಕೆಳಗೆ ತಮ್ಮ ಮೂರನ್ನು ಬರೆಯುತ್ತಾರೆ. ಆರು ಸುತ್ತು, 30 ನಿಮಿಷ. ಲೆಕ್ಕದ ಪ್ರಕಾರ 108 ಐಡಿಯಾ.

ನಮ್ಮಲ್ಲಿ 108 ಬರಲಿಲ್ಲ. ಒಂದೇ ಮಾತು ಬೇರೆ ಬೇರೆ ಅಕ್ಷರದಲ್ಲಿ ಬಂದದ್ದನ್ನೆಲ್ಲ ತೆಗೆದ ಮೇಲೆ 40ರ ಹತ್ತಿರ ಉಳಿಯಿತು. ಅದೂ ಬಾಯಿ ಮಾತಿನಲ್ಲಿ ಬರುತ್ತಿದ್ದ ಎಂಟು–ಹತ್ತಕ್ಕಿಂತ ಬಹಳ ಹೆಚ್ಚು. ಕೋಣೆಯಲ್ಲಿ ಪೆನ್ನಿನ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೊದಲ ಸಲ ಹೀಗೆ ಕೂತಾಗ ಪರೀಕ್ಷೆ ಹಾಲಿನಂತೆ ಅನಿಸುತ್ತದೆ, ಎರಡನೇ ಸುತ್ತಿಗೆ ಆ ಬಿಗಿ ಹೋಗುತ್ತದೆ.

ಇದರ ಮಿತಿ ಸ್ಪಷ್ಟ. ಸರಾಗವಾಗಿ ಓದಿ ಬರೆಯಲು ಬರುವವರಿಗೆ ಮಾತ್ರ ಇದು. ಮೇಸ್ತ್ರಿ ತನ್ನ ಹೆಸರನ್ನಷ್ಟೇ ಬರೆಯಬಲ್ಲರು ಎಂದಿಟ್ಟುಕೊಳ್ಳಿ. ಹಾಳೆ ಅವರ ಮುಂದೆ ಬಂದು ನಿಂತಾಗ ಎಲ್ಲರೆದುರು ಆಗುವ ಮುಜುಗರ ಸಣ್ಣದಲ್ಲ. ಅಂಥ ಕಡೆ ಇದನ್ನು ಮುಟ್ಟಲೇಬೇಡಿ. ಇನ್ನೊಂದು, ನಮ್ಮ ಸಣ್ಣ ಆಫೀಸುಗಳಲ್ಲಿ ಅಕ್ಷರ ನೋಡಿದರೆ ಯಾರದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಆದ್ದರಿಂದ ಹೆಸರಿಲ್ಲದ ಚೀಟಿ ಎಂಬ ಭರವಸೆ ಇಲ್ಲಿ ಪೂರ್ತಿ ನಿಜವಲ್ಲ. ದೂರಿನ ವಿಷಯಗಳಿಗೆ ಈ ಕ್ರಮ ಬೇಡ.

ಬರೆದು, ಸರದಿಯಲ್ಲಿ ಓದಿ, ಮತ ಹಾಕುವುದು

ನನಗೆ ಹೆಚ್ಚು ಒಗ್ಗಿದ್ದು ಇದು. ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡೆ ವೆನ್ ಎಂಬ ಅಮೆರಿಕದ ಇಬ್ಬರು 1971ರಲ್ಲಿ ಇದನ್ನು ವಿವರಿಸಿ ನಾಮಿನಲ್ ಗ್ರೂಪ್ ಎಂದು ಕರೆದರು. ಹೆಸರಿಗೆ ಮಾತ್ರ ಗುಂಪು ಎಂದರ್ಥ. ಮೊದಲ ಭಾಗದಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂತಿದ್ದರೂ ಒಬ್ಬೊಬ್ಬರೇ ಯೋಚಿಸುತ್ತಾರೆ.

ನಮ್ಮಲ್ಲಿ ನಡೆಸುವುದು ಹೀಗೆ. ಮೊದಲ 10 ನಿಮಿಷ ಪೂರ್ತಿ ಮೌನ, ಎಲ್ಲರೂ ತಮ್ಮ ತಮ್ಮ ಹಾಳೆಯಲ್ಲಿ ಬರೆಯುವುದು. ಆಮೇಲೆ ಸರದಿ: ಒಬ್ಬರು ಒಂದೇ ಒಂದನ್ನು ಓದಬೇಕು, ಎರಡಲ್ಲ. ನಡೆಸುವವರು ಅದನ್ನು ಓದಿದವರ ಮಾತಿನಲ್ಲೇ ಗೋಡೆಯ ಹಾಳೆಯಲ್ಲಿ ಬರೆಯುತ್ತಾರೆ. ಯಾರೂ ಏನೂ ಅನ್ನುವ ಹಾಗಿಲ್ಲ, "ಒಳ್ಳೇದು" ಎಂದೂ ಅನ್ನುವ ಹಾಗಿಲ್ಲ. ಯಾಕೆಂದರೆ ಒಬ್ಬರಿಗೆ ಒಳ್ಳೇದು ಎಂದು ಮುಂದಿನವರಿಗೆ ಸುಮ್ಮನಿದ್ದರೆ, ಅವರದು ಕೆಟ್ಟದು ಎಂದಂತಾಯಿತು. ಎಲ್ಲರ ಪಟ್ಟಿ ಖಾಲಿಯಾಗುವವರೆಗೆ ಸುತ್ತು ನಡೆಯುತ್ತದೆ. ಒಂಬತ್ತು ಜನಕ್ಕೆ 25 ನಿಮಿಷ ಸಾಕು. ಆಮೇಲೆ ಒಂದೊಂದನ್ನೂ ಎತ್ತಿಕೊಂಡು "ಇದರ ಅರ್ಥ ಏನು" ಎಂದಷ್ಟೇ ಕೇಳುವುದು, ಇದಕ್ಕೆ 20 ನಿಮಿಷ. ಕೊನೆಗೆ ಮತ.

ಸರದಿ ಎಲ್ಲಿಂದ ಶುರುವಾಗುತ್ತದೆ ಎನ್ನುವುದರಲ್ಲೇ ಅರ್ಧ ಕೆಲಸ ಇದೆ. ಹೊಸದಾಗಿ ಸೇರಿದವರಿಂದ ಶುರು ಮಾಡಿ, ಅಧ್ಯಕ್ಷರು ಕೊನೆಗೆ. ಇದನ್ನು ಅಧ್ಯಕ್ಷರಿಗೆ ಮೊದಲೇ ಮನೆಗೆ ಹೋಗಿ ಹೇಳಿ ಒಪ್ಪಿಸಬೇಕು. ನಾನು ಹೇಳಿದ್ದು ಇಷ್ಟೇ: "ಗೌಡ್ರೇ, ನೀವು ಮೊದ್ಲು ಹೇಳಿದ್ರೆ ನಿಮ್ಮ ಮಾತಿನ ಮೇಲೆ ಯಾರೂ ಮಾತಾಡಲ್ಲ. ಕೊನೇಲಿ ಹೇಳಿ, ಎಲ್ಲರ ಮನಸ್ಸಲ್ಲಿ ಏನಿದೆ ನಿಮಗೂ ಗೊತ್ತಾಗ್ತದೆ." ಅವರು ಒಪ್ಪಿದರು. ಹಿರಿಯರು ಕೊನೆಗೆ ಮಾತಾಡಿ ಮುಗಿಸುವುದು ನಮ್ಮ ನ್ಯಾಯ ಪಂಚಾಯಿತಿಗಳಲ್ಲೂ ಕಂಡದ್ದೇ, ಆದ್ದರಿಂದ ಅವರಿಗೆ ಅದು ಮರ್ಯಾದೆ ಕಡಿಮೆಯಾದಂತೆ ಅನಿಸಲಿಲ್ಲ.

ಮತಕ್ಕೆ ಕೈ ಎತ್ತಿಸಬೇಡಿ. ಯಾರ ಕೈ ಎದ್ದಿದೆ ಎಂದು ನೋಡಿಕೊಂಡು ಉಳಿದ ಕೈಗಳು ಏಳುತ್ತವೆ. ನಮ್ಮಲ್ಲಿ ತಲಾ ಐದು ಕಾಫಿ ಬೀಜ ಕೊಡುತ್ತೇವೆ. ಪ್ರತಿ ಐಡಿಯಾದ ಮುಂದೆ ಮುಚ್ಚಳಕ್ಕೆ ತೂತು ಮಾಡಿದ ಒಂದು ಡಬ್ಬಿ. ಇಷ್ಟವಾದುದಕ್ಕೆ ಒಂದು ಹಾಕಲಿ, ಐದನ್ನೂ ಒಂದಕ್ಕೇ ಹಾಕಲಿ. ಹೋಗಿ ಹಾಕಿ ಬರುವಷ್ಟರಲ್ಲಿ ಕಾಲಿಗೂ ಸ್ವಲ್ಪ ಬಿಡುವು. ಎಣಿಸಿದ ಮೇಲೆ ಮೊದಲ ಮೂರನ್ನು ಮಾತ್ರ ಚರ್ಚೆಗೆ ಇಡುತ್ತೇವೆ.

ಕೊರತೆ ಎಂದರೆ ಸಮಯ. ಒಂದೂಕಾಲು ಗಂಟೆ ಬೇಕೇ ಬೇಕು. ಮತ್ತೆ, ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ಹೊಳೆಯುವ ಹುರುಪು ಇಲ್ಲಿ ಕಡಿಮೆ. ಹೊಸ ಪುಡಿಗೆ ಹೆಸರು ಹುಡುಕುವಂಥ ಕೆಲಸಕ್ಕೆ ಇದು ಒಣ ಒಣ. ದುಡ್ಡು, ಕೆಲಸದ ಹಂಚಿಕೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ವಿಷಯಗಳಿಗೆ ಇದಕ್ಕಿಂತ ನೆಚ್ಚಿಕೊಳ್ಳಬಹುದಾದದ್ದು ನಾನು ಕಂಡಿಲ್ಲ.

ಜೋಡಿ ಮಾತು

ಬೀಗದ ಕೈ ವಿಷಯ ಹೊರಬಂದದ್ದು ಇದರಲ್ಲಿ. ಇದಕ್ಕೆ ದೊಡ್ಡ ಹೆಸರು ಬೇಕಿಲ್ಲ. ಇಬ್ಬಿಬ್ಬರನ್ನು ಜೊತೆ ಮಾಡಿ, ಪ್ರಶ್ನೆ ಕೊಟ್ಟು, 10 ನಿಮಿಷ ಅವರಷ್ಟಕ್ಕೆ ಬಿಡುವುದು. ಇಬ್ಬರಲ್ಲಿ ಒಬ್ಬರಿಗೆ ಬರೆಯಲು ಬಂದರೆ ಸಾಕು. ಇಬ್ಬರಿಗೂ ಬಾರದಿದ್ದರೆ ಆಫೀಸಿನ ಒಬ್ಬರು ಪಕ್ಕ ಕೂತು ಅವರು ಹೇಳಿದಂತೆಯೇ ಬರೆದುಕೊಳ್ಳಬೇಕು, ತಿದ್ದಬಾರದು. ನಂತರ ಓದುವಾಗ "ಈ ಜೋಡಿ ಹೇಳಿದ್ದು" ಎಂದು ಓದುವುದು. ಒಬ್ಬರ ಮೇಲೆ ಬೀಳಬಹುದಾದ ನೋಟ ಇಬ್ಬರ ಮೇಲೆ ಹಂಚಿಹೋಗುತ್ತದೆ.

ಜೋಡಿ ಹಾಕುವಾಗ ಒಂದು ಎಚ್ಚರ: ರೈಟರನ್ನು ಅವರ ಕೈಕೆಳಗಿನವರ ಜೊತೆ ಕೂರಿಸಬೇಡಿ. ಬೀಗದ ಕೈ ಇದ್ದದ್ದು ರೈಟರ್ ಹತ್ತಿರ. ಅವರೇ ಪಕ್ಕ ಕೂತಿದ್ದರೆ ಆ ಮಾತು ಬರುತ್ತಿರಲಿಲ್ಲ. ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರು ಇದ್ದರೆ ಅವರವರನ್ನೇ ಜೊತೆ ಮಾಡಿ, ಹಿಂದಿ ಬರುವ ಒಬ್ಬರನ್ನು ಬರೆಯಲು ಕೊಡಿ. ಕಣವನ್ನೂ ಕೊಯ್ಲನ್ನೂ ಹತ್ತಿರದಿಂದ ನೋಡುವವರು ಈಗ ಎಷ್ಟೋ ತೋಟಗಳಲ್ಲಿ ಅವರೇ; ಅವರನ್ನು ಕೇಳದೆ ಕಣದ ಬಗ್ಗೆ ಯೋಚಿಸುವುದು ಅರ್ಧ ಯೋಚನೆ.

ಇಲ್ಲಿ ಬರುವ ಐಡಿಯಾಗಳ ಸಂಖ್ಯೆ ಕಡಿಮೆ. ಆದರೆ ಬಂದವು ಕೈಯಲ್ಲಿ ಮಾಡಿ ನೋಡಿದವರ ಮಾತುಗಳು. ಈ ಕ್ರಮಕ್ಕೆ ಆಫೀಸಿನ ಮೇಜಿಗಿಂತ ಕಣದ ಕಟ್ಟೆಯೇ ಒಳ್ಳೆಯ ಜಾಗ. ಅಲ್ಲಿ ಕೈ ತೋರಿಸಿ ಹೇಳಬಹುದು: "ಇಲ್ಲಿಂದ ಅಲ್ಲಿಗೆ ಎಳೀಬೇಕು, ನಾಲ್ಕು ಜನ ಬೇಕು, ನಾವಿರೋದು ಎರಡೇ ಜನ."

ಉಲ್ಟಾ ಪ್ರಶ್ನೆ

"ಕಾಫಿ ಉಳಿಸುವುದು ಹೇಗೆ" ಎಂದು ಕೇಳುವ ಬದಲು "ಕಣದ ಕಾಫಿಯನ್ನು ಪೂರ್ತಿ ಹಾಳು ಮಾಡಬೇಕು ಎಂದರೆ ಏನೇನು ಮಾಡಬೇಕು" ಎಂದು ಕೇಳುವುದು. ಜನ ನಗುತ್ತಾರೆ, ಬಾಯಿ ಸಡಿಲವಾಗುತ್ತದೆ. ಟಾರ್ಪಾಲಿಗೆ ಬೀಗ ಹಾಕಿ, ಹರಿದದ್ದನ್ನೇ ಇಟ್ಟುಕೊಳ್ಳಿ, ಮೋಡ ಕಂಡರೂ ಯಾರಿಗೂ ಫೋನ್ ಮಾಡಬೇಡಿ ಎಂದು ಪಟ್ಟಿ ಬೆಳೆಯುತ್ತದೆ. ಆಮೇಲೆ ಒಂದೊಂದನ್ನೂ ತಿರುಗಿಸಿದರೆ ಕೆಲಸದ ಪಟ್ಟಿ ಸಿಕ್ಕಿತು. ಜನ ದಣಿದಿದ್ದಾಗ, ಮಾತು ಕಟ್ಟಿದಾಗ 15 ನಿಮಿಷಕ್ಕೆ ಇದನ್ನು ಬಳಸಿ. ಒಬ್ಬರ ತಪ್ಪಿನಿಂದ ನಷ್ಟವಾಗಿ ಅವರು ಅಲ್ಲೇ ಕೂತಿರುವಾಗ ಮಾತ್ರ ಬೇಡ. ಪ್ರತಿ ಉತ್ತರವೂ ಅವರಿಗೆ ಚುಚ್ಚುತ್ತದೆ.

ಇದರ ಹತ್ತಿರದ್ದು ಇನ್ನೊಂದಿದೆ. ಯೋಜನೆ ತಯಾರಾದ ಮೇಲೆ "ಒಂದು ವರ್ಷ ಕಳೆಯಿತು, ಇದು ಪೂರ್ತಿ ಕೈಕೊಟ್ಟಿತು, ಯಾಕೆ?" ಎಂದು ಊಹಿಸುವುದು. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ಪ್ರಿಮಾರ್ಟಂ ಎಂಬ ಹೆಸರು ಕೊಟ್ಟಿದ್ದಾರೆ. ಐಡಿಯಾ ಹುಟ್ಟಿಸಲು ಇದು ಆಗುವುದಿಲ್ಲ, ಹುಟ್ಟಿದ್ದನ್ನು ಪರೀಕ್ಷಿಸಲು. ಡ್ರೈಯರಿನ ವಿಷಯಕ್ಕೆ ನಾವು ಇದನ್ನು ಮಾಡಿದೆವು: ಮಳೆ ಬರುವ ದಿನವೇ ಕರೆಂಟು ಹೋಗುತ್ತದೆ ಎಂಬ ಸರಳ ಮಾತು ಆಗ ಬಂತು.

ವಾಟ್ಸಾಪ್ ಗುಂಪು, ಆನ್‌ಲೈನ್

ಗುಂಪಿನಲ್ಲಿ ಪ್ರಶ್ನೆ ಹಾಕಿದರೆ ಮೊದಲು ಬಂದ ಉತ್ತರಕ್ಕೆ ಎಲ್ಲರೂ ಹೆಬ್ಬೆರಳು ಎತ್ತಿ ಮುಗಿಸುತ್ತಾರೆ. ಗುಂಪಿಗೆ ಬೇಡ, ನಿಮಗೊಬ್ಬರಿಗೇ ಧ್ವನಿ ಸಂದೇಶ ಕಳಿಸಲು ಹೇಳಿ. ಬರೆಯಲು ಬಾರದವರೂ ಕಳಿಸುತ್ತಾರೆ. ನೀವು ಎಲ್ಲವನ್ನೂ ಹೆಸರಿಲ್ಲದೆ ಒಂದು ಹಾಳೆಗೆ ಇಳಿಸಿ ಮೀಟಿಂಗಿಗೆ ತನ್ನಿ. ವಿಡಿಯೊ ಮೀಟಿಂಗ್ ಹಾಸನ, ಚಿಕ್ಕಮಗಳೂರು ಪೇಟೆಯವರ ನಡುವೆ ಸರಿ. ಮೂಡಿಗೆರೆ, ಸಕಲೇಶಪುರದ ಒಳಗಿನ ತೋಟದವರನ್ನು ಜುಲೈ ಮಳೆಯಲ್ಲಿ ಸೇರಿಸಿಕೊಂಡರೆ ಅರ್ಧ ಹೊತ್ತು "ಕೇಳಿಸ್ತಿದೆಯಾ" ಎಂದು ಕೇಳುವುದರಲ್ಲೇ ಹೋಗುತ್ತದೆ.

ಯಾವಾಗ, ಎಲ್ಲಿ

ನವೆಂಬರಿನಿಂದ ಜನವರಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಆಗ ಯಾರ ತಲೆಯೂ ಮೀಟಿಂಗಿನಲ್ಲಿ ಇರುವುದಿಲ್ಲ. ನನ್ನ ಮೊದಲ ಮೀಟಿಂಗ್ ಡಿಸೆಂಬರಿನಲ್ಲಿ ಕರೆದದ್ದೇ ಒಂದು ತಪ್ಪು. ನಷ್ಟದ ಬಿಸಿಯಲ್ಲಿ ಜನ ಯೋಚಿಸುವುದಿಲ್ಲ, ಹೊಣೆ ಹುಡುಕುತ್ತಾರೆ. ಕಾಫಿ ಹೂ ಅರಳಿಸುವ ಹೂ ಮಳೆಗೆ ಆಕಾಶ ನೋಡುವ ದಿನಗಳೂ ಬೇಡ. ಜೂನ್, ಜುಲೈ ಒಳ್ಳೆಯದು. ಮಳೆ ಹಿಡಿದು ಹೊರಗಿನ ಕೆಲಸ ನಿಂತಾಗ ಜನ ನಿಧಾನವಾಗಿ ಕೂರುತ್ತಾರೆ, ಮುಂದಿನ ಕೊಯ್ಲಿಗೆ ಸಿದ್ಧತೆ ಮಾಡಲು ನಾಲ್ಕೈದು ತಿಂಗಳೂ ಇರುತ್ತದೆ. ಹಾಸನದ ಕಡೆಯವರು ಬರಬೇಕಿದ್ದರೆ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನು ಬಿಡಿ.

ಬೆಳಿಗ್ಗೆ ಹತ್ತಕ್ಕೆ ಇಡಿ, ಊಟಕ್ಕೆ ಮುಗಿಸಿ. ಊಟವಾದ ಮೇಲೆ ಯೋಚನೆ ಕೇಳುವುದು ಅನ್ಯಾಯ. ಹೋಂಸ್ಟೇಗೆ ಕರೆದುಕೊಂಡು ಹೋಗುವ ಅಭ್ಯಾಸ ಈಗ ಹೆಚ್ಚಾಗಿದೆ. ಆಫೀಸಿನವರಿಗೆ ಅದು ಹುರುಪು ಕೊಡುತ್ತದೆ. ಆದರೆ ತೋಟದ ಕೆಲಸಗಾರರು ಅಲ್ಲಿನ ಸೋಫಾದ ಅಂಚಿನಲ್ಲಿ ಮುದುರಿ ಕೂರುತ್ತಾರೆ. ಬಾಯಿ ತೆರೆಯಬೇಕಾದವರಿಗೆ ಯಾವುದು ಪರಿಚಯದ ಜಾಗವೋ ಅಲ್ಲಿಗೇ ಉಳಿದವರು ಹೋಗಬೇಕು.

ನಿಮಗೆ ಯಾವುದು?

ಮೂರು–ನಾಲ್ಕು ಸಮಾನರು, ಸಣ್ಣ ವಿಷಯ: ಬಾಯಿ ಮಾತು. ಐದಾರು ಜನ ಓದುಬರಹ ಬಲ್ಲವರು, ಹೊಸತೇನಾದರೂ ಬೇಕು: ಚೀಟಿ. ಮೇಲಧಿಕಾರಿ, ಕೈಕೆಳಗಿನವರು ಒಟ್ಟಿಗೆ ಇದ್ದು ಕೊನೆಗೊಂದು ತೀರ್ಮಾನವೂ ಬೇಕು ಎಂದರೆ ಬರೆದು, ಓದಿ, ಬೀಜ ಹಾಕಿ. ಬರೆಯಲು ಬಾರದವರು ಒಬ್ಬರೇ ಇದ್ದರೂ ಜೋಡಿ ಮಾತಿನಿಂದ ಶುರು ಮಾಡಿ, ಮತಕ್ಕೆ ಡಬ್ಬಿಯ ಮೇಲೆ ಐಡಿಯಾದ ಚಿತ್ರ ಬಿಡಿಸಿ. ಬೀಗ, ಟಾರ್ಪಾಲು, ಫೋನು ಬಿಡಿಸಲು ಚಿತ್ರಕಾರರೇ ಬೇಕಿಲ್ಲ. ಯಾವುದೆಂದು ತೋಚದಿದ್ದರೆ ಮೊದಲ 10 ನಿಮಿಷದ ಮೌನವನ್ನಾದರೂ ಇಟ್ಟುಕೊಳ್ಳಿ. ಅದೊಂದರಿಂದಲೇ ಬಹಳ ವ್ಯತ್ಯಾಸ ಕಾಣುತ್ತದೆ.

ನಡೆಸುವವರು ಯಾರಿರಬೇಕು? ಫಲಿತಾಂಶದಿಂದ ಲಾಭ ನಷ್ಟ ಇಲ್ಲದವರು. ನಮ್ಮಲ್ಲಿ ಈಗ ಲೆಕ್ಕ ಬರೆಯುವ ಹುಡುಗ ನಡೆಸುತ್ತಾನೆ. ಅವನು "ಅಕ್ಕ, ಇನ್ನೊಂದಿದ್ರೆ ಹೇಳಿ" ಎಂದಾಗ ಬರುವ ಉತ್ತರ ನಾನು ಕೇಳಿದಾಗ ಬರುತ್ತಿರಲಿಲ್ಲ.

ಎದ್ದುಹೋಗುವ ಮುಂಚೆ ಮೂರು ಐಡಿಯಾಗಳ ಎದುರು ಮೂರು ಹೆಸರು, ಮೂರು ದಿನಾಂಕ ಬರೆಯಿರಿ. ಆರಿಸದೆ ಬಿಟ್ಟ ಹಾಳೆಗಳನ್ನು ಎಸೆಯಬೇಡಿ, ಫೋಟೊ ತೆಗೆದು ಮುಂದಿನ ಜೂನಿಗೆ ಇಟ್ಟುಕೊಳ್ಳಿ. ನಮ್ಮ ಮೊದಲ ಐಡಿಯಾಕ್ಕೆ ದಿನಾಂಕ ಮರುದಿನದ್ದೇ ಇತ್ತು, ಖರ್ಚು ಒಂದು ಮೊಳೆಯದು. ಗೋಡೌನಿನ ಇನ್ನೊಂದು ಬೀಗದ ಕೈ ಈಗ ಕಣದ ಶೆಡ್ಡಿನ ಕಂಬಕ್ಕೆ ನೇತುಹಾಕಿದೆ. ಕಳೆದ ಕೊಯ್ಲಿನಲ್ಲಿ ಎರಡು ಸಲ ಮಧ್ಯಾಹ್ನ ಮಳೆ ಬಂತು. ರೈಟರ್ ತೋಟದಿಂದ ಓಡಿ ಬರುವಷ್ಟರಲ್ಲಿ ಕಣದ ಆ ಇಬ್ಬರು ಹೆಂಗಸರು ಟಾರ್ಪಾಲು ಹಾಸಿ, ಅಂಚಿಗೆ ಕಲ್ಲು ಇಡುತ್ತಿದ್ದರು.